ಕೆರೆ ಹಾದಿ, ಚಾನಲ್ ಏರಿ, ದುರ್ಗದ ಬಂಡೆ: ನಮ್ಮ ನೆಲಕ್ಕೆ ಒಗ್ಗುವ ರನ್ನಿಂಗ್ ಶೂ

ದಾವಣಗೆರೆಯ ಕುಂದವಾಡ ಕೆರೆಯ ಸುತ್ತ ಬೆಳಗಿನ ಹೊತ್ತು ಓಡುವವರ ಕಾಲುಗಳನ್ನು ಗಮನಿಸಿದರೆ ಎಲ್ಲ ಬಗೆಯ ಶೂಗಳೂ ಕಾಣಸಿಗುತ್ತವೆ. ಹತ್ತು ಹದಿನೈದು ಸಾವಿರ ರೂಪಾಯಿ ಬೆಲೆಯ ವಿದೇಶಿ ಜೋಡಿಗಳು, ಬ್ಯಾಡ್ಮಿಂಟನ್ ಆಡಲೆಂದು ಕೊಂಡವು, ಮಕ್ಕಳು ಶಾಲೆಗೆ ಹಾಕಿಕೊಳ್ಳುವಂಥ ಬಿಳಿ ಕ್ಯಾನ್ವಾಸ್ ಶೂಗಳು ಎಲ್ಲವೂ ಅಲ್ಲಿವೆ. ಅವುಗಳಲ್ಲಿ ಬಹುಪಾಲು ಬಣ್ಣ, ಬೆಲೆ ಮತ್ತು ನಂಬರ್ ಈ ಮೂರನ್ನೇ ನೋಡಿ ಕೊಂಡವು. ಪಾದದ ಅಗಲವನ್ನೂ ಓಡುವ ನೆಲವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಶೂ ಆರಿಸುವ ಪದ್ಧತಿ ನಮ್ಮ ಊರುಗಳಲ್ಲಿ ಇನ್ನೂ ಬೇರೂರಿಲ್ಲ. ನಾನು ದಾವಣಗೆರೆಯ ಸಿಮೆಂಟ್ ರಸ್ತೆಗಳಲ್ಲಿ, ಭದ್ರಾ ಚಾನಲ್ ಏರಿಗಳಲ್ಲಿ ಮತ್ತು ಚಿತ್ರದುರ್ಗದ ಗುಡ್ಡಗಳಲ್ಲಿ ಓಡುತ್ತಾ ಬಳಸಿರುವ ಮೂರು ಬಗೆಯ ಶೂಗಳು ಎಲ್ಲೆಲ್ಲಿ ಒಗ್ಗಿದವು, ಎಲ್ಲೆಲ್ಲಿ ಒಗ್ಗಲಿಲ್ಲ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಒಂದು ನಿರ್ದಿಷ್ಟ ಮಾದರಿಯನ್ನು ಹಿಡಿದು ಅಂಕ ಕೊಡುವುದನ್ನು ಬೇಕೆಂದೇ ಬಿಟ್ಟಿದ್ದೇನೆ. ಕಂಪನಿಗಳು ಹೆಚ್ಚುಕಡಿಮೆ ವರ್ಷಕ್ಕೊಮ್ಮೆ ಹಳೆಯ ಹೆಸರಿನ ಮುಂದೆ ಹೊಸ ಸಂಖ್ಯೆ ಹಾಕಿ ಶೂ ಬಿಡುತ್ತವೆ. ಹೆಸರು ಅದೇ ಆದರೂ ಒಳಗಿನ ಅಚ್ಚು, ಫೋಮ್, ಮುಂಭಾಗದ ಅಗಲ ಇವೆಲ್ಲ ಬದಲಾಗಿರಬಹುದು. ನೈಕಿ ಪೆಗಾಸಸ್ 1983ರಿಂದಲೂ, ಆಸಿಕ್ಸ್ ಜೆಲ್ ಕಯಾನೊ 1993ರಿಂದಲೂ ಮಾರುಕಟ್ಟೆಯಲ್ಲಿವೆ. ಇಷ್ಟು ದೀರ್ಘಕಾಲದಲ್ಲಿ ಅವುಗಳ ಒಳಗಿನ ರಚನೆ ಎಷ್ಟೋ ಸಲ ಬದಲಾಗಿದೆ. ಆದ್ದರಿಂದ ಹೆಸರಿಗಿಂತ ಶೂವಿನ ಬಗೆಯನ್ನು ಅರಿತುಕೊಂಡವರಿಗೆ ಮುಂದಿನ ವರ್ಷವೂ ಆಯ್ಕೆ ಸುಲಭವಾಗುತ್ತದೆ.

ಮೊದಲು ಪಾದದ ವಿಷಯ. ಚಪ್ಪಲಿಯಲ್ಲೋ ಬರಿಗಾಲಲ್ಲೋ ಬೆಳೆದ ನಮ್ಮ ಪಾದಗಳಲ್ಲಿ ಬೆರಳುಗಳು ಹರಡಿಕೊಂಡಿರುತ್ತವೆ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ದೇಶದ ನಾನಾ ಭಾಗಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದಗಳನ್ನು ಅಳೆದು, ಭಾರತೀಯರ ಪಾದ ಯುರೋಪ್ ಮತ್ತು ಅಮೆರಿಕದವರ ಪಾದಕ್ಕಿಂತ ಸಾಮಾನ್ಯವಾಗಿ ಅಗಲ ಎಂದು ಕಂಡುಕೊಂಡಿದೆ. ಅದರ ಆಧಾರದ ಮೇಲೆ ನಮ್ಮದೇ ಆದ 'ಭಾ' ಎಂಬ ಅಳತೆ ಪದ್ಧತಿಯನ್ನೂ ರೂಪಿಸಲಾಗಿದೆ. ಅಂಗಡಿಗಳಲ್ಲಿ ಸಿಗುವ ಶೂಗಳ ಮೇಲೆ ಇರುವುದು ಮಾತ್ರ ಯುಕೆ ನಂಬರ್. ಆ ಅಳತೆಯಲ್ಲಿ ಒಂದು ನಂಬರಿಗೂ ಅದರ ಮುಂದಿನದಕ್ಕೂ ಉದ್ದದಲ್ಲಿ ಸುಮಾರು 8.5 ಮಿಲಿಮೀಟರ್ ವ್ಯತ್ಯಾಸವಿರುತ್ತದೆ, ಅರ್ಧ ನಂಬರ್ ಎಂದರೆ 4 ಮಿಲಿಮೀಟರಿಗಿಂತ ತುಸು ಹೆಚ್ಚು. ಅಗಲದ ಬಗ್ಗೆ ಆ ನಂಬರ್ ಏನನ್ನೂ ಹೇಳುವುದಿಲ್ಲ.

ಅಗಲ ಸಾಲದೆ ಬಿಗಿಯಾದರೆ ನಮ್ಮಲ್ಲಿ ಹೆಚ್ಚಿನವರು ಒಂದು ನಂಬರ್ ದೊಡ್ಡದನ್ನು ತೆಗೆದುಕೊಳ್ಳುತ್ತಾರೆ. ಇದರಿಂದ ಶೂ ಉದ್ದವಾಗುತ್ತದೆ, ಅದು ಮಡಿಚುವ ಜಾಗವು ಪಾದ ಮಡಿಚುವ ಜಾಗಕ್ಕಿಂತ ಮುಂದೆ ಹೋಗುತ್ತದೆ, ಹಿಮ್ಮಡಿ ಸಡಿಲವಾಗಿ ಜಾರತೊಡಗುತ್ತದೆ, ಆಮೇಲೆ ಗುಳ್ಳೆ ಏಳುತ್ತದೆ. ಬಿಗಿಯ ಬಗ್ಗೆ ದೂರಿದಾಗ ಅಂಗಡಿಯವರು 'ಸರ್, ಎರಡು ದಿನ ಹಾಕ್ಕೊಂಡು ಓಡಾಡ್ರಿ, ತಾನೇ ಲೂಸ್ ಆಗುತ್ತೆ' ಎನ್ನುವುದು ವಾಡಿಕೆ. ಚರ್ಮದ ಶೂವಿನ ಮಟ್ಟಿಗೆ ಆ ಮಾತು ಸರಿ. ಆದರೆ ರನ್ನಿಂಗ್ ಶೂವಿನ ಮೇಲ್ಭಾಗ ನೈಲಾನ್ ಅಥವಾ ಪಾಲಿಯೆಸ್ಟರ್ ಜಾಲರಿಯದು, ಅದರ ಮೇಲೆ ಅಲ್ಲಲ್ಲಿ ಪ್ಲಾಸ್ಟಿಕ್ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಅದು ಚರ್ಮದಷ್ಟು ಹಿಗ್ಗುವುದಿಲ್ಲ. ಮೊದಲ ದಿನ ಕಿರುಬೆರಳನ್ನು ಒತ್ತಿದ ಶೂ ಕೊನೆಯ ದಿನವೂ ಒತ್ತುತ್ತಿರುತ್ತದೆ.

ಅಗಲವನ್ನು ತಿಳಿಯಲು ಯಂತ್ರವೇನೂ ಬೇಕಿಲ್ಲ. ಮನೆಯಲ್ಲಿ ಬಿಳಿ ಹಾಳೆಯೊಂದನ್ನು ನೆಲಕ್ಕೆ ಹಾಕಿ, ಅದರ ಮೇಲೆ ಮೈಭಾರವೆಲ್ಲ ಬೀಳುವಂತೆ ನಿಂತುಕೊಂಡು, ಪೆನ್ಸಿಲನ್ನು ನೆಟ್ಟಗೆ ಹಿಡಿದು ಪಾದದ ಸುತ್ತ ಗೆರೆ ಎಳೆಸಿಕೊಳ್ಳಬೇಕು. ಕುಳಿತು ಎಳೆದ ಗೆರೆಗಿಂತ ನಿಂತು ಎಳೆದ ಗೆರೆ ಅಗಲವಾಗಿರುತ್ತದೆ, ಓಡುವಾಗ ಬೇಕಾಗುವುದು ಆ ಅಗಲವೇ. ಗೆರೆ ಎಳೆದ ಹಾಳೆಯನ್ನು ಕತ್ತರಿಸಿ ಜೊತೆಗೊಯ್ದು, ಅಂಗಡಿಯಲ್ಲಿ ಶೂವಿನ ಒಳಗಿನ ತೆಗೆಯಬಹುದಾದ ಮೆತ್ತೆಯನ್ನು, ಅಂದರೆ ಇನ್‌ಸೋಲನ್ನು, ಹೊರಗೆಳೆದು ಅದರ ಮೇಲಿಟ್ಟರೆ ಸಾಕು, ಎಲ್ಲವೂ ಕಣ್ಣಿಗೆ ಕಾಣುತ್ತದೆ. ನಾನು ಜೊತೆಯಲ್ಲಿ ಹೋಗಿ ಹೀಗೆ ಪರೀಕ್ಷಿಸಿದ ಗೆಳೆಯರ ಪೈಕಿ ಹಲವರ ಕಿರುಬೆರಳು ಇನ್‌ಸೋಲಿನ ಅಂಚಿನಿಂದ ಪೂರ್ತಿಯಾಗಿ ಹೊರಗೆ ಉಳಿದಿತ್ತು. ಹೆಬ್ಬೆರಳು ಇರಬೇಕಾದ ಕಡೆ ಇನ್‌ಸೋಲು ಒಳಕ್ಕೆ ಬಾಗಿ ಚೂಪಾಗಿತ್ತು. ಅಂಥ ಶೂ ಎಷ್ಟು ದುಬಾರಿಯದಾದರೂ ಆ ಪಾದದ್ದಲ್ಲ.

ಅಂಗಡಿಗೆ ಸಂಜೆ ಹೋಗುವುದು ಒಳ್ಳೆಯದು, ಏಕೆಂದರೆ ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೆಯೇ ಊದುತ್ತದೆ. ಓಡುವಾಗ ಹಾಕಿಕೊಳ್ಳುವ ಸಾಕ್ಸನ್ನೇ ಹಾಕಿಕೊಂಡು ಹೋಗಬೇಕು. ಎಡ ಬಲ ಪಾದಗಳಲ್ಲಿ ಒಂದು ಕೊಂಚ ದೊಡ್ಡದಿರುವುದು ಸಾಮಾನ್ಯ. ದೊಡ್ಡ ಪಾದಕ್ಕೆ ಹೊಂದುವ ನಂಬರನ್ನೇ ಕೊಳ್ಳಬೇಕು. ನಿಂತಾಗ ಉದ್ದನೆಯ ಬೆರಳಿನ ಮುಂದೆ ಕೈ ಹೆಬ್ಬೆರಳಿನಗಲದಷ್ಟು ಜಾಗ ಉಳಿಯಬೇಕು. ಉಳಿಯದಿದ್ದರೆ ಇಳಿಜಾರಿನಲ್ಲಿ ಉಗುರು ಶೂವಿನ ತುದಿಗೆ ಬಡಿದು ಒಳಗೆ ರಕ್ತ ಹೆಪ್ಪುಗಟ್ಟಿ ಕಪ್ಪಾಗುತ್ತದೆ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದಿಂದ ಓಡಿ ಇಳಿದವರಲ್ಲಿ ಈ ಕಪ್ಪು ಉಗುರನ್ನು ಬಹಳ ಕಂಡಿದ್ದೇನೆ.

ಅಗಲದಲ್ಲೂ ಅಳತೆಗಳಿವೆ. ಗಂಡಸರ ಶೂಗಳಲ್ಲಿ ಡಿ ಎಂಬುದು ಸಾಧಾರಣ ಅಗಲ, 2ಇ ಎಂಬುದು ಅಗಲ, 4ಇ ಎಂಬುದು ಇನ್ನೂ ಅಗಲ. ಹೆಂಗಸರಿಗೆ ಬಿ ಎಂಬುದೇ ಸಾಧಾರಣ. ನ್ಯೂ ಬ್ಯಾಲೆನ್ಸ್, ಆಸಿಕ್ಸ್, ಬ್ರೂಕ್ಸ್ ಕಂಪನಿಗಳು ತಮ್ಮ ಕೆಲವು ಮಾದರಿಗಳನ್ನು ಅಗಲದ ಅಳತೆಯಲ್ಲೂ ತಯಾರಿಸುತ್ತವೆ. ಆಲ್ಟ್ರಾ ಕಂಪನಿಯಂತೂ ಪಾದದ ಆಕಾರದಂತೆಯೇ ಮುಂಭಾಗ ಅಗಲವಾಗಿರುವ ಶೂಗಳಿಗೇ ಹೆಸರಾಗಿದೆ. ನಮ್ಮ ಊರಿನ ಅಂಗಡಿಗಳಲ್ಲಿ 2ಇ ಕೇಳಿದರೆ ಸಿಗುವುದು ಅಪರೂಪವಾದ್ದರಿಂದ ಆನ್‌ಲೈನಿನಲ್ಲಿ ತರಿಸಿ, ಮನೆಯೊಳಗಿನ ನೆಲದ ಮೇಲೆ ಮಾತ್ರ ಹಾಕಿ ನೋಡಿ, ಆಗದಿದ್ದರೆ ಹಿಂದಿರುಗಿಸುವುದೇ ಸದ್ಯದ ದಾರಿ. ಹೆಂಗಸರ ಕಷ್ಟ ಇದಕ್ಕಿಂತ ದೊಡ್ಡದು. ಅವರಿಗೆಂದು ಅಂಗಡಿಯಲ್ಲಿಟ್ಟಿರುವ ಸ್ಪೋರ್ಟ್ಸ್ ಶೂಗಳಲ್ಲಿ ಹೆಚ್ಚಿನವು ನಡಿಗೆಯವು, ಅದೂ ಕಿರಿದಾದವು. ಯುಕೆ ಅಳತೆಯಲ್ಲಿ ಗಂಡಸರ ಮತ್ತು ಹೆಂಗಸರ ನಂಬರುಗಳ ಉದ್ದ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಅಗಲ ಪಾದದ ಹೆಣ್ಣುಮಕ್ಕಳು ಗಂಡಸರ ವಿಭಾಗದ 5 ಅಥವಾ 6ನೆಯ ನಂಬರನ್ನು ಯಾವ ಸಂಕೋಚವೂ ಇಲ್ಲದೆ ಕೇಳಿ ಹಾಕಿ ನೋಡಬೇಕು ಎಂಬುದು ನನ್ನ ಒತ್ತಾಯ.

ಇನ್ನು ಶೂಗಳ ಬಗೆ. ಮೊದಲನೆಯದು ಮೆತ್ತನೆಯ ನ್ಯೂಟ್ರಲ್ ರೋಡ್ ಶೂ, ಅಂದರೆ ಪಾದದ ವಾಲಿಕೆಯನ್ನು ತಿದ್ದಲು ಹೋಗದ, ರಸ್ತೆ ಓಟದ ಶೂ. ಪೆಗಾಸಸ್, ಬ್ರೂಕ್ಸ್ ಘೋಸ್ಟ್, ಆಸಿಕ್ಸ್ ಜೆಲ್ ನಿಂಬಸ್ ಇವೆಲ್ಲ ಈ ಗುಂಪಿನವು. ಹಿಮ್ಮಡಿಯ ಕೆಳಗಿನ ಎತ್ತರಕ್ಕೂ ಮುಂಗಾಲಿನ ಕೆಳಗಿನ ಎತ್ತರಕ್ಕೂ ಇರುವ ಅಂತರವನ್ನು ಡ್ರಾಪ್ ಎನ್ನುತ್ತಾರೆ. ಈ ಗುಂಪಿನ ಬಹುತೇಕ ಶೂಗಳಲ್ಲಿ ಅದು 8ರಿಂದ 12 ಮಿಲಿಮೀಟರ್. ಡ್ರಾಪ್ ಹೆಚ್ಚಿದ್ದರೆ ಮೀನಖಂಡ ಮತ್ತು ಹಿಮ್ಮಡಿಯ ಸ್ನಾಯುರಜ್ಜಿನ ಮೇಲಿನ ಹೊರೆ ಕಡಿಮೆಯಾಗುತ್ತದೆ, ಕಡಿಮೆಯಿದ್ದರೆ ಹೊರೆ ಅವುಗಳ ಮೇಲೆ ಬೀಳುತ್ತದೆ. ದಿನವಿಡೀ ಕುರ್ಚಿಯಲ್ಲಿ ಕುಳಿತು ಕೆಲಸ ಮಾಡಿ, ನಲವತ್ತು ದಾಟಿದ ಮೇಲೆ ಓಟ ಆರಂಭಿಸಿದವರು ಏಕಾಏಕಿ 4 ಮಿಲಿಮೀಟರಿನ ಅಥವಾ ಶೂನ್ಯ ಡ್ರಾಪಿನ ಶೂಗೆ ಇಳಿಯುವುದನ್ನು ನಾನು ಒಪ್ಪುವುದಿಲ್ಲ. ಬದಲಾಯಿಸಲೇಬೇಕೆಂದಿದ್ದರೆ ವಾರಗಟ್ಟಲೆ ಸಮಯ ಕೊಟ್ಟು, ಮೊದಮೊದಲು ಸಣ್ಣ ಓಟಗಳಿಗೆ ಮಾತ್ರ ಬಳಸಬೇಕು.

ದಾವಣಗೆರೆಯ ಪಿ.ಜೆ. ಬಡಾವಣೆ, ಎಂ.ಸಿ.ಸಿ. ಎ ಮತ್ತು ಬಿ ಬ್ಲಾಕ್, ವಿದ್ಯಾನಗರದ ರಸ್ತೆಗಳಿಗೆ ಈ ಬಗೆಯ ಶೂ ಹೇಳಿ ಮಾಡಿಸಿದಂತಿದೆ. ನೆಲ ಗಟ್ಟಿ, ಸಮತಟ್ಟು, ಹೆಜ್ಜೆ ಬೀಳುವ ರೀತಿಯೂ ಒಂದೇ. ಕುಂದವಾಡ ಕೆರೆಯ ಹಾದಿಯಲ್ಲೂ ಬೇರೇನೂ ಬೇಕಾಗುವುದಿಲ್ಲ. ಬೇಸಿಗೆಯಲ್ಲಿ ಮಾತ್ರ ಒಂದು ವ್ಯತ್ಯಾಸ ಕಾಣುತ್ತದೆ: ಈ ಶೂಗಳ ನಡುವಿನ ಪದರಕ್ಕೆ ಹೆಚ್ಚಾಗಿ ಬಳಸುವ ಇವಿಎ ಫೋಮ್ ಬಿಸಿಗೆ ಮೆತ್ತಗಾಗುವುದರಿಂದ, ಏಪ್ರಿಲ್ ತಿಂಗಳ ಸಂಜೆಯ ಓಟದಲ್ಲಿ ಬಹಳ ಮೃದುವಾದ ಶೂ ಕಾಲ ಕೆಳಗೆ ಕುಸಿದಂತೆ ತೋರುತ್ತದೆ. ಹೀಗಾಗಿ ಒಂದೇ ಜೋಡಿ ಕೊಳ್ಳುವವರು ಅತಿ ಮೃದುವಾದದ್ದಕ್ಕಿಂತ ಮಧ್ಯಮ ಗಟ್ಟಿತನದ್ದನ್ನು ಆರಿಸಲಿ. ಚಾನಲ್ ಏರಿಗೆ ಇಳಿದ ಕೂಡಲೇ ಈ ಶೂವಿನ ಮಿತಿ ಗೊತ್ತಾಗುತ್ತದೆ. ಆ ವಿಷಯಕ್ಕೆ ಮುಂದೆ ಬರುತ್ತೇನೆ.

ಎರಡನೆಯದು ಸ್ಟೆಬಿಲಿಟಿ ಶೂ. ಪಾದ ಒಳಮಗ್ಗುಲಿಗೆ ಹೆಚ್ಚಾಗಿ ವಾಲುವುದನ್ನು ತಡೆಯಲು ಒಳಬದಿಯ ಫೋಮನ್ನು ಗಟ್ಟಿಯಾಗಿಯೋ ಅಂಚನ್ನು ಎತ್ತರವಾಗಿಯೋ ಮಾಡಿರುತ್ತಾರೆ. ಕಯಾನೊ, ಬ್ರೂಕ್ಸ್ ಅಡ್ರಿನಲಿನ್ ಜಿಟಿಎಸ್ ಈ ಬಗೆಯವು. ಒದ್ದೆ ಪಾದವನ್ನು ಒಣ ನೆಲದ ಮೇಲೆ ಊರಿ, ಅಂಗಾಲಿನ ಕಮಾನಿನ ಗುರುತು ನೋಡಿ, ಚಪ್ಪಟೆ ಪಾದವಾದರೆ ಸ್ಟೆಬಿಲಿಟಿ ಶೂ, ಎತ್ತರದ ಕಮಾನಾದರೆ ಮೆತ್ತನೆಯ ಶೂ ಎಂದು ಹೇಳುವ ಪದ್ಧತಿ ಬಹುಕಾಲದಿಂದಿದೆ. ಬೆಂಗಳೂರಿನ ಒಂದು ಮಳಿಗೆಯಲ್ಲಿ ಟ್ರೆಡ್‌ಮಿಲ್ ಮೇಲೆ ಅರೆ ನಿಮಿಷ ಓಡಿಸಿ ವಿಡಿಯೊ ತೆಗೆದು ನನಗೂ ಸ್ಟೆಬಿಲಿಟಿ ಶೂ ಬೇಕೆಂದೇ ತೀರ್ಪು ಕೊಟ್ಟಿದ್ದರು. ಅದರಂತೆ ತಂದ ಜೋಡಿಯನ್ನು ಒಂದು ಮಳೆಗಾಲ, ಒಂದು ಬೇಸಿಗೆ ಬಳಸಿದೆ. ಶೂ ಗಟ್ಟಿಮುಟ್ಟಾಗಿತ್ತು, ಹಿಮ್ಮಡಿಯನ್ನು ಚೆನ್ನಾಗಿ ಹಿಡಿಯುತ್ತಿತ್ತು. ಆದರೆ ದೂರದ ಓಟಗಳಲ್ಲಿ ಒಳಮಗ್ಗುಲು ಅಂಗಾಲನ್ನು ಒತ್ತುತ್ತಲೇ ಇತ್ತು.

ಕಮಾನು ನೋಡಿ ಶೂ ಕೊಡುವ ಈ ಪದ್ಧತಿಯನ್ನು ಅಮೆರಿಕದ ಸೇನೆ, ವಾಯುಪಡೆ ಮತ್ತು ಮರೀನ್ ಪಡೆಯಲ್ಲಿ ತರಬೇತಿಗೆ ಹೊಸದಾಗಿ ಸೇರಿದವರ ಮೇಲೆಯೇ ಪರೀಕ್ಷಿಸಿದ್ದಾರೆ. ಒಂದು ಗುಂಪಿಗೆ ಅಂಗಾಲಿನ ಆಕಾರಕ್ಕೆ ತಕ್ಕ ಶೂ, ಇನ್ನೊಂದು ಗುಂಪಿನ ಎಲ್ಲರಿಗೂ ಒಂದೇ ಬಗೆಯ ಶೂ ಕೊಟ್ಟು ನೋಡಿದಾಗ ಗಾಯಗಳ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2015ರಲ್ಲಿ ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಬೆನ್ನೊ ನಿಗ್ ಮತ್ತು ಸಂಗಡಿಗರು ಓಟಗಾರನಿಗೆ ಯಾವುದು ಹಾಯೆನಿಸುತ್ತದೋ ಅದನ್ನು ಆಯ್ಕೆಯ ಅಳತೆಗೋಲಾಗಿಸಿಕೊಳ್ಳಬಹುದು ಎಂಬ ವಾದವನ್ನು ಮುಂದಿಟ್ಟರು. ನನ್ನ ಅನುಭವಕ್ಕೂ ಇದು ಹೊಂದುತ್ತದೆ. ಸ್ಟೆಬಿಲಿಟಿ ಶೂ ಹಾಕಿದಾಗ ಯಾರಿಗೆ ಹಾಯೆನಿಸುತ್ತದೋ ಅವರು ಧಾರಾಳವಾಗಿ ಬಳಸಲಿ. ಕೇವಲ ಚಪ್ಪಟೆ ಪಾದ ಎಂಬ ಕಾರಣಕ್ಕೆ ಎರಡು ಮೂರು ಸಾವಿರ ರೂಪಾಯಿ ಹೆಚ್ಚು ಕೊಟ್ಟು ಕೊಳ್ಳಬೇಕಾಗಿಲ್ಲ. ಮಧುಮೇಹ ಇರುವವರು, ಪಾದದಲ್ಲಿ ಸ್ಪರ್ಶ ಕುಂದಿರುವವರು ಮಾತ್ರ ಈ ಹಾಯೆನಿಸುವಿಕೆಯನ್ನು ನಂಬಿ ಕೂರದೆ ವೈದ್ಯರಿಗೆ ಪಾದ ತೋರಿಸಿಯೇ ಶೂ ಆರಿಸಬೇಕು, ಏಕೆಂದರೆ ಒತ್ತಡವಾಗಲಿ ಗುಳ್ಳೆಯಾಗಲಿ ಅವರಿಗೆ ಗೊತ್ತೇ ಆಗದಿರಬಹುದು.

ಮೂರನೆಯದು ಟ್ರೇಲ್ ಶೂ, ಅಂದರೆ ಮಣ್ಣು, ಕಲ್ಲಿನ ದಾರಿಗಳಲ್ಲಿ ಓಡುವ ಶೂ. ನಮ್ಮ ಎರಡೂ ಜಿಲ್ಲೆಗಳ ನೆಲಕ್ಕೆ ಇದು ಇಷ್ಟು ಮುಖ್ಯವಾಗಿದ್ದರೂ ಇದರ ಬಗ್ಗೆ ತಿಳಿವಳಿಕೆ ತೀರಾ ಕಡಿಮೆ. ಇದರ ಅಟ್ಟೆಯ ಅಡಿಯಲ್ಲಿ ಟ್ರ್ಯಾಕ್ಟರ್ ಟೈರಿನ ಹಾಗೆ ಉಬ್ಬಿದ ಗುಬಟುಗಳಿರುತ್ತವೆ. ಮುಂಭಾಗದಲ್ಲಿ ಬೆರಳುಗಳಿಗೆ ಕಲ್ಲು ತಾಗದಂತೆ ರಬ್ಬರ್ ಕವಚ ಇರುತ್ತದೆ. ಕೆಲವು ಮಾದರಿಗಳಲ್ಲಿ ಅಟ್ಟೆ ಮತ್ತು ಫೋಮಿನ ನಡುವೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯನ್ನೂ ಕೂರಿಸಿರುತ್ತಾರೆ. ಆ ಹಾಳೆ ಇರುವುದು ಚೂಪುಗಲ್ಲಿನ ಒತ್ತು ಅಂಗಾಲಿಗೆ ತಗಲದಿರಲಿ ಎಂದು, ಆದರೆ ನಮ್ಮಲ್ಲಿ ಅದರ ನಿಜವಾದ ಉಪಯೋಗ ಜಾಲಿ ಮುಳ್ಳಿನಿಂದ ಪಾದವನ್ನು ಕಾಯುವುದು. ಭದ್ರಾ ಚಾನಲ್ ಏರಿಗಳ ಇಕ್ಕೆಲದಲ್ಲೂ ಕೆರೆ ಅಂಗಳಗಳಲ್ಲೂ ಬಳ್ಳಾರಿ ಜಾಲಿ ಬೆಳೆದಿರುತ್ತದೆ. ಸೌದೆಗೆಂದು ಕಡಿದು ಎಳೆದೊಯ್ದ ಹಾದಿಯ ತುಂಬ ಒಣ ಮುಳ್ಳು ಉದುರಿರುತ್ತದೆ. ರೋಡ್ ಶೂವಿನ ಮೃದುವಾದ ಫೋಮಿಗೆ ಈ ಮುಳ್ಳು ನೆಟ್ಟಗೆ ಇಳಿಯುತ್ತದೆ. ಮೊದಲಿಗೆ ಏನೂ ಗೊತ್ತಾಗುವುದಿಲ್ಲ. ಹೊರಗುಳಿದ ತುದಿ ಮುರಿದು, ಒಳಗಿನ ಚೂರು ಪ್ರತಿ ಹೆಜ್ಜೆಗೂ ಒಂದಿಷ್ಟು ಮೇಲೇರುತ್ತಾ, ನಾಲ್ಕಾರು ದಿನಗಳ ನಂತರ ಸಿಮೆಂಟ್ ರಸ್ತೆಯಲ್ಲಿ ಓಡುವಾಗ ಅಂಗಾಲಿಗೆ ಚುಚ್ಚುತ್ತದೆ. ಇನ್‌ಸೋಲ್ ತೆಗೆದು ಒಳಗೆ ಬೆರಳಾಡಿಸಿದರೆ ಮುಳ್ಳಿನ ಮೊನೆ ಕೈಗೆ ಸಿಗುತ್ತದೆ, ಆದರೆ ಅದನ್ನು ಒಳಗಿನಿಂದ ಎಳೆಯಲು ಹಿಡಿತ ಸಿಗದು. ಹೊರಗಿನಿಂದ ಅಟ್ಟೆಯನ್ನು ಹಿಂದಕ್ಕೆ ಬಾಗಿಸಿ ಹಿಡಿದು ಸಣ್ಣ ಇಕ್ಕಳದಿಂದ ಕೀಳಬೇಕು. ಚಾನಲ್ ಏರಿಯ ಮೇಲೆ ಓಡುವವರು ಅಟ್ಟೆಯ ರಬ್ಬರ್ ಇಡೀ ತಳವನ್ನು ಮುಚ್ಚಿದೆಯೇ, ಅಥವಾ ತೂಕ ಇಳಿಸಲು ನಡುನಡುವೆ ಫೋಮನ್ನು ಬಯಲಿಗೆ ಬಿಟ್ಟಿದ್ದಾರೆಯೇ ಎಂಬುದನ್ನು ಕೊಳ್ಳುವ ಮೊದಲೇ ತಿರುಗಿಸಿ ನೋಡಬೇಕು.

ಎರೆಮಣ್ಣಿನ ಕತೆ ಬೇರೆ. ಮಳೆ ಬಿದ್ದ ಮರುದಿನ ಹೊಲದ ದಾರಿಯಲ್ಲಿ ಹತ್ತು ಹೆಜ್ಜೆ ಇಟ್ಟರೆ ಅಟ್ಟೆಯ ಕೆಳಗೆ ಇನ್ನೊಂದು ಅಟ್ಟೆ ಬೆಳೆದು, ಶೂ ಎರಡರಷ್ಟು ತೂಗುತ್ತದೆ. ಮೂರು ಮಿಲಿಮೀಟರಿನ, ಒತ್ತೊತ್ತಾದ ಗುಬಟುಗಳ ನಡುವೆ ಮಣ್ಣು ಮೆತ್ತಿಕೊಂಡು ತಳ ನುಣುಪಾಗಿಬಿಡುತ್ತದೆ. ಸಲೊಮನ್ ಸ್ಪೀಡ್‌ಕ್ರಾಸ್, ಸಾಕೊನಿ ಪೆರೆಗ್ರಿನ್ ಮಾದರಿಗಳಂತೆ 5 ಮಿಲಿಮೀಟರಿನಷ್ಟು ಎತ್ತರದ ಗುಬಟುಗಳಿದ್ದು, ಅವು ಒಂದಕ್ಕೊಂದು ದೂರದಲ್ಲಿದ್ದರೆ ಮಣ್ಣು ಸ್ವಲ್ಪಮಟ್ಟಿಗೆ ಉದುರುತ್ತದೆ. ಆದರೂ ಹಸಿ ಎರೆಯಲ್ಲಿ ಓಡಲು ತಕ್ಕ ಶೂ ನನಗೆ ಇದುವರೆಗೆ ಸಿಕ್ಕಿಲ್ಲ. ಆ ದಿನಗಳಲ್ಲಿ ರಸ್ತೆಗೆ ಹೋಗುವುದೇ ಮೇಲು.

ಚಿತ್ರದುರ್ಗಕ್ಕೆ ಬಂದರೆ ಮಣ್ಣು ಕಡಿಮೆ, ಗರಸು ಮತ್ತು ಬಂಡೆ ಹೆಚ್ಚು. ಇಲ್ಲಿ ಎತ್ತರದ ಗುಬಟು ಉಪಕಾರಕ್ಕಿಂತ ಅಪಕಾರವನ್ನೇ ಮಾಡುತ್ತದೆ. ಚಂದ್ರವಳ್ಳಿಯ ಸುತ್ತಲಿನ ಕಣಶಿಲೆಯ ಹಾಸುಬಂಡೆಯ ಮೇಲೆ ಎತ್ತರದ ಗುಬಟುಗಳ ತುದಿ ಮಾತ್ರ ತಾಗುವುದರಿಂದ ಹಿಡಿತ ಕಡಿಮೆಯಾಗುತ್ತದೆ. ಮೂರರಿಂದ ನಾಲ್ಕು ಮಿಲಿಮೀಟರಿನ ಅಗಲವಾದ ಗುಬಟುಗಳು, ಅಂಟುಗುಣದ ಮೃದು ರಬ್ಬರ್ ಬೇಕು. ಇಟಲಿಯ ವಿಬ್ರಮ್ ಕಂಪನಿಯ ಮೆಗಾಗ್ರಿಪ್ ರಬ್ಬರ್ ಒದ್ದೆ ಕಲ್ಲಿನ ಮೇಲೂ ಹಿಡಿಯುವುದಕ್ಕೆ ಹೆಸರಾಗಿದೆ, ಹಲವು ಕಂಪನಿಗಳು ತಮ್ಮ ಟ್ರೇಲ್ ಶೂಗಳಿಗೆ ಅದನ್ನೇ ಹಾಕಿಸುತ್ತವೆ. ಮೃದು ರಬ್ಬರಿನ ತೊಂದರೆಯೆಂದರೆ ಡಾಂಬರು ರಸ್ತೆಯಲ್ಲಿ ಬೇಗ ಸವೆಯುತ್ತದೆ. ಜೋಗಿಮಟ್ಟಿಯ ಏರು ದಾರಿ ಬಹುಪಾಲು ರಸ್ತೆಯೇ ಆಗಿರುವುದರಿಂದ ಅಲ್ಲಿಗೆ ರೋಡ್ ಶೂ ಸಾಕು, ಹಿಮ್ಮಡಿ ಮಾತ್ರ ಭದ್ರವಾಗಿರಬೇಕು. ಲೇಸಿನ ಕಟ್ಟಕಡೆಯ ತೂತುಗಳನ್ನು ಬಳಸಿ ಎರಡೂ ಬದಿಗೆ ಸಣ್ಣ ಕುಣಿಕೆ ಮಾಡಿ, ಲೇಸನ್ನು ಎದುರು ಬದಿಯ ಕುಣಿಕೆಯೊಳಗಿಂದ ತೂರಿಸಿ ಕಟ್ಟಿದರೆ ಇಳಿಯುವಾಗ ಪಾದ ಮುಂದಕ್ಕೆ ಜಾರುವುದಿಲ್ಲ. ಅದು ಚಿರತೆ, ಕರಡಿಗಳಿರುವ ಕಾಡು. ಅರಣ್ಯ ಇಲಾಖೆಯವರು ಬಿಡುವ ಹೊತ್ತಿನಲ್ಲಿ, ಜೊತೆಗಾರರೊಡನೆ ಮಾತ್ರ ಹೋಗಬೇಕು.

ಅಟ್ಟೆಯೊಳಗೆ ಕಾರ್ಬನ್ ಹಾಳೆ ಕೂರಿಸಿದ ಸ್ಪರ್ಧೆಯ ಶೂಗಳ ಬಗ್ಗೆ ಈಗ ಬಹಳ ಜನ ವಿಚಾರಿಸುತ್ತಾರೆ. 2017ರಲ್ಲಿ ನೈಕಿ ವೇಪರ್‌ಫ್ಲೈ ಬಂದ ಮೇಲೆ ಇವು ಮ್ಯಾರಥಾನ್ ವೇಗವನ್ನೇ ಬದಲಿಸಿದವು, ರಸ್ತೆ ಓಟದ ಶೂವಿನ ಅಟ್ಟೆ 40 ಮಿಲಿಮೀಟರಿಗಿಂತ ದಪ್ಪವಿರಕೂಡದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಮಿತಿ ಹಾಕಬೇಕಾಯಿತು. ದಿನನಿತ್ಯದ ಓಟಕ್ಕೆ ಇವು ಬೇಡ: ಕಿರಿದು, ದುಬಾರಿ, ತಿರುವುಗಳಲ್ಲಿ ಅಸ್ಥಿರ.

ನನಗೆ ನಿಜಕ್ಕೂ ಕಳಕಳಿ ಇರುವುದು ಪೊಲೀಸ್ ಕಾನ್‌ಸ್ಟೆಬಲ್ ಮತ್ತು ಸೇನಾ ನೇಮಕಾತಿಗೆ ತಯಾರಾಗುವ ಹುಡುಗ ಹುಡುಗಿಯರ ಬಗ್ಗೆ. ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲೂ ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದಲ್ಲೂ 1600 ಮೀಟರ್ ಓಟದ ಅಭ್ಯಾಸ ನಡೆಸುವ ಇವರಲ್ಲಿ ಹಲವರು ತೆಳು ಅಟ್ಟೆಯ ಶೂಗಳಲ್ಲಿ ಗಟ್ಟಿ ನೆಲದ ಮೇಲೆ ದಿನಕ್ಕೆ ಎರಡು ಹೊತ್ತು ಓಡಿ, ಮೊಣಕಾಲ ಕೆಳಗಿನ ಎಲುಬಿನ ನೋವಿಗೆ ತುತ್ತಾಗುತ್ತಾರೆ. ಆ ನೋವಿಗೆ ಅಭ್ಯಾಸವನ್ನು ಒಮ್ಮೆಲೇ ಏರಿಸುವುದೂ ದೊಡ್ಡ ಕಾರಣ, ಶೂ ಒಂದನ್ನೇ ದೂರಲಾಗದು. ಆದರೂ ಎರಡು ಮೂರು ಸಾವಿರ ರೂಪಾಯಿಯೊಳಗೆ ಸಿಗುವ ಹಗುರವಾದ, ಮುಂಭಾಗ ಅಗಲವಿರುವ, ಕೈಯಲ್ಲಿ ಹಿಡಿದು ಬಾಗಿಸಿದರೆ ನಡುವೆ ಅಲ್ಲದೆ ಬೆರಳುಗಳ ಬುಡದಲ್ಲಿ ಮಡಿಚುವ ದೇಶೀ ಕಂಪನಿಯ ರನ್ನಿಂಗ್ ಶೂ ಇವರಿಗೆ ಸಾಕು. ಬ್ಯಾಡ್ಮಿಂಟನ್ ಶೂ ಇರುವುದು ಅಂಕಣದಲ್ಲಿ ಅಡ್ಡಡ್ಡ ಚಲಿಸುವುದಕ್ಕೆ, ನೇರ ಓಟಕ್ಕಲ್ಲ. ದುಬಾರಿ ಹೆಸರಿನ ನಕಲಿ ಜೋಡಿಗಳನ್ನು ಅದೇ ದುಡ್ಡಿಗೆ ತರುವವರೂ ಇದ್ದಾರೆ. ಅವುಗಳಲ್ಲಿ ಫೋಮ್ ಹೆಸರಿಗೆ ಮಾತ್ರ ಇರುತ್ತದೆ, ಅಟ್ಟೆಯ ಅಂಟು ಕೆಲವೇ ವಾರಗಳಲ್ಲಿ ಬಿಡುತ್ತದೆ.

ಒಂದು ಜೋಡಿ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ವಾರಕ್ಕೆ ಐದು ದಿನ ಐದೈದು ಕಿಲೋಮೀಟರ್ ಓಡುವವರಿಗೆ ಅದು ಐದರಿಂದ ಏಳೆಂಟು ತಿಂಗಳು. ಮೇಲ್ಭಾಗ ಹೊಸದರಂತೆ ಹೊಳೆಯುತ್ತಿದ್ದರೂ, ಹೆಬ್ಬೆರಳಿನಿಂದ ಫೋಮಿನ ಪಕ್ಕವನ್ನು ಒತ್ತಿದಾಗ ಅದು ಗಟ್ಟಿಯಾಗಿ ನಿರ್ಜೀವ ಎನಿಸಿದರೆ, ಪಕ್ಕದಲ್ಲಿ ಉದ್ದುದ್ದ ನೆರಿಗೆಗಳು ಮೂಡಿದ್ದರೆ, ಅದನ್ನು ಸಂತೆ ಪೇಟೆಯ ಓಡಾಟಕ್ಕೆ ಇಟ್ಟುಕೊಳ್ಳಬೇಕು. ಮಳೆಯಲ್ಲಿ ನೆಂದ ಶೂವನ್ನು ಬಿಸಿಲಿಗಿಡುವುದು ಬೇಡ, ಬಿಸಿಲಿಗೆ ಅಂಟು ಬಿಡುತ್ತದೆ, ಫೋಮ್ ಬೇಗ ಹಾಳಾಗುತ್ತದೆ. ಇನ್‌ಸೋಲ್ ತೆಗೆದು, ಒಳಗೆ ಹಳೆಯ ದಿನಪತ್ರಿಕೆ ತುರುಕಿ ಗಾಳಿಯಾಡುವ ನೆರಳಿನಲ್ಲಿಟ್ಟು, ಕಾಗದ ಒದ್ದೆಯಾದಂತೆಲ್ಲ ಬದಲಿಸಿದರೆ ಮರುದಿನದ ಹೊತ್ತಿಗೆ ಒಣಗಿರುತ್ತದೆ. ಎರೆಮಣ್ಣು ಮೆತ್ತಿದ್ದರೆ ಹಸಿಯಿರುವಾಗ ಉಜ್ಜುವ ಬದಲು, ಪೂರ್ತಿ ಒಣಗಿದ ಮೇಲೆ ಎರಡೂ ಅಟ್ಟೆಗಳನ್ನು ಒಂದಕ್ಕೊಂದು ಬಡಿದರೆ ಹೆಂಟೆಹೆಂಟೆಯಾಗಿ ಉದುರುತ್ತದೆ.